ಕೆಜಿಎಫ್‌ನ ಪಾಳು ಕಟ್ಟಡಗಳ ಚಿತ್ರ ತೆಗೆಯುವ ಬಗ್ಗೆ: ಅನುಮತಿ, ಅಪಾಯ ಮತ್ತು ಒಂದು ರಂಗೋಲಿ

ನಿಧಾನ ಷಟರ್ (ವಿಷಯ ಆರಂಭಿಸಿದವರು):

ವೇದಿಕೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಕಳೆದ ಮಳೆಗಾಲ ಮುಗಿದಂದಿನಿಂದ ನಾನು ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಐದು ಸಲ ಹೋಗಿ ಬಂದಿದ್ದೇನೆ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಪುಟ್ಟ ಕವಲು ಮಾರ್ಗದ ರೈಲಿನಲ್ಲಿ ಕುಳಿತು, ಉರಿಗಾಂ ಅಥವಾ ಚಾಂಪಿಯನ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಕಾಲ್ನಡಿಗೆಯಲ್ಲಿ ಸುತ್ತುವುದು ನನ್ನ ಕ್ರಮ. ಭಾನುವಾರಗಳಲ್ಲಿ ಸೈನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ಗುಡ್ಡದ) ಮೇಲೆ ರೀಲ್ಸ್ ಮಾಡುವವರ ಜಾತ್ರೆಯೇ ನೆರೆಯುತ್ತದೆಂದು ಕೇಳಿದ್ದರಿಂದ ಕಚೇರಿಗೆ ರಜೆ ಹಾಕಿ ವಾರದ ನಡುವೆಯೇ ಹೋಗುತ್ತಿದ್ದೆ. ಬೇಲಿಯಾಚೆ ಗಣಿ ಬಾವಿಗಳ ಮೇಲೆ ನಿಂತ ಉಕ್ಕಿನ ಎತ್ತುಗೋಪುರಗಳಾದ ಹೆಡ್‌ಗೇರ್‌ಗಳು, ಮಾಡು ಕುಸಿದು ಆಕಾಶಕ್ಕೆ ತೆರೆದುಕೊಂಡ ಗೋದಾಮುಗಳು, ಒಂದು ಕಾಲದಲ್ಲಿ ಸಾಹೇಬರಿದ್ದ ಬಂಗಲೆಗಳ ಉದ್ದನೆಯ ಜಗುಲಿಗಳು, ಕಾರ್ಮಿಕರ ಲೈನ್ ಮನೆಗಳ ಸಾಲು ಎಲ್ಲವೂ ಸೇರಿ ಸುಮಾರು 900 ಚಿತ್ರಗಳಾಗಿವೆ.

ಇವುಗಳಲ್ಲಿ ಒಂದು ಚಿತ್ರದ ವಿಷಯವನ್ನು ಹೇಳದೆ ನನ್ನ ಪ್ರಶ್ನೆಗಳನ್ನು ಕೇಳಲಾರೆ. ಹೆಂಚು ಅರ್ಧ ಜಾರಿದ ಲೈನ್ ಮನೆಯೊಂದರ ಚಿತ್ರ ಅದು. ಬಣ್ಣ ಹೋದ ನೀಲಿ ಬಾಗಿಲು, ಅದಕ್ಕೊಂದು ತುಕ್ಕು ಹಿಡಿದ ಬೀಗ, ಪಕ್ಕದ ಗೋಡೆಯಲ್ಲಿ ಬೇರೂರಿದ ಅರಳಿ ಸಸಿ. ಬೆಳಕೂ ಚೆನ್ನಾಗಿ ಒದಗಿತ್ತು. ‘ಎಲ್ಲರೂ ಹೊರಟುಹೋದ ಊರು’ ಎಂಬ ಶೀರ್ಷಿಕೆ ಕೊಟ್ಟು ಹಾಕಿದೆ, ಮೆಚ್ಚುಗೆಗಳು ಬಂದವು. ವಾರದ ನಂತರ ಮೂಲ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದಿದ್ದಾಗ ಹಿಂದೆ ಬಂದು ನಿಂತ ನನ್ನ ತಾಯಿ ಎಡಗಡೆಯ ಕೆಳಮೂಲೆಗೆ ಬೆರಳಿಟ್ಟು, ‘ಯಾರೂ ಇಲ್ಲದ ಮನೆಗೆ ರಂಗೋಲಿ ಹಾಕಿದವರು ಯಾರೋ?’ ಎಂದು ಕೇಳಿದರು. ನಿಜವಾಗಿಯೂ ಅಲ್ಲಿ ಗುಡಿಸಿ ನೀರು ಚಿಮುಕಿಸಿದ ನೆಲವಿತ್ತು, ಅದರ ಮೇಲೆ ಅಂದೇ ಬೆಳಿಗ್ಗೆ ಎಳೆದ ಚುಕ್ಕಿ ರಂಗೋಲಿಯಿತ್ತು. ಚೌಕಟ್ಟಿನ ಸಮತೋಲಕ್ಕೆಂದು ಆ ಮೂಲೆಯನ್ನು ನಾನೇ ಕತ್ತರಿಸಿ ತೆಗೆದಿದ್ದೆ. ತೆಗೆಯುವಾಗ ರಂಗೋಲಿಯನ್ನು ಕಂಡಿದ್ದೆನೋ ಇಲ್ಲವೋ ಎಂಬುದು ನನಗೇ ಖಚಿತವಿಲ್ಲ, ಅದೇ ಹೆಚ್ಚು ಕಾಡುತ್ತಿದೆ.

ಆ ಚಿತ್ರವನ್ನು ಈಗ ಹಿಂದಕ್ಕೆ ಪಡೆದಿದ್ದೇನೆ. ಒಂದು ಕಟ್ಟಡ ಪಾಳುಬಿದ್ದಿದೆಯೆಂದು ಹೊರಗಿನವನು ಹೇಗೆ ನಿರ್ಧರಿಸಬೇಕು, ಇಂತಹ ಚಿತ್ರಗಳಿಗೆ ಸ್ಥಳದ ನಿಖರ ಗುರುತನ್ನು ಕೊಡಬೇಕೆ, ಬೇಲಿಯೊಳಗಿನ ಕಟ್ಟಡಗಳಿಗೆ ಅನುಮತಿ ಪಡೆಯುವ ಸರಿಯಾದ ದಾರಿ ಯಾವುದು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಕೊನೆಯ ನಿಲ್ದಾಣ:

ನಾನು ಮಾರಿಕುಪ್ಪಂನಲ್ಲಿ ಹುಟ್ಟಿ ಬೆಳೆದವಳು. ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿಯ ಕೆಲಸಕ್ಕಿದ್ದರು, ಅಜ್ಜನೂ ಅಲ್ಲಿಯೇ ದುಡಿದವರು. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ನೀವು ವಾರದ ನಡುವೆ ಹೋದದ್ದರಿಂದಲೇ ಈ ತಪ್ಪಾಗಿದೆ. 2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಮುಚ್ಚಿದ ಮೇಲೆ ಊರಿನ ಜನ ಒಮ್ಮೆಗೇ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗಲಿಲ್ಲ. ಹೋಗುವುದಕ್ಕೆ ಅವರಿಗೆ ಬೇರೆ ಊರೇ ಇರಲಿಲ್ಲ. ನಾಲ್ಕೈದು ತಲೆಮಾರುಗಳ ಹಿಂದೆ ಉತ್ತರ ಆರ್ಕಾಟಿನಿಂದಲೋ ಚಿತ್ತೂರಿನ ಕಡೆಯಿಂದಲೋ ಬಂದವರ ಮೊಮ್ಮಕ್ಕಳಿಗೆ ಆ ಹಳ್ಳಿಗಳ ಹೆಸರೂ ನೆನಪಿಲ್ಲ. ಹಾಗಾಗಿ ಅವರು ಮಾಡಿದ್ದೇನೆಂದರೆ, ಮನೆಯನ್ನು ಇಲ್ಲಿಯೇ ಉಳಿಸಿಕೊಂಡು ಕೆಲಸವನ್ನು ಬೆಂಗಳೂರಿನಲ್ಲಿ ಹುಡುಕಿಕೊಂಡರು. ನಸುಕಿನಲ್ಲೇ ಹೊರಡುವ ರೈಲುಗಳಲ್ಲಿ ಸಾವಿರಾರು ಜನ ಹೋಗುತ್ತಾರೆ, ರಾತ್ರಿ ತಡವಾಗಿ ಮರಳುತ್ತಾರೆ. ಕಟ್ಟಡದ ಕೆಲಸ, ಅಂಗಡಿ ಕೆಲಸ, ಕಾವಲು, ಆಸ್ಪತ್ರೆ, ಐಟಿ ಕಂಪನಿ ಹೀಗೆ ಎಲ್ಲೆಡೆಯೂ ನಮ್ಮವರಿದ್ದಾರೆ. ಹೊರಡುವ ಮುನ್ನ ಮನೆಯ ಹೆಂಗಸರು ಕತ್ತಲಲ್ಲೇ ಅಂಗಳ ಗುಡಿಸಿ ರಂಗೋಲಿ ಎಳೆದು, ಗಂಡ ಹೆಂಡತಿ ಇಬ್ಬರೂ ಬೀಗ ಹಾಕಿಕೊಂಡು ನಿಲ್ದಾಣಕ್ಕೆ ನಡೆಯುತ್ತಾರೆ. ನೀವು ಹನ್ನೊಂದು ಗಂಟೆಗೆ ಬಂದು ನೋಡಿದಾಗ ಊರು ಖಾಲಿ, ಬಾಗಿಲಿಗೆ ಬೀಗ. ಬೀಗ ಹಾಕಿದ ಮನೆಯೆಂದರೆ ಸಂಜೆ ಯಾರೋ ಬರುತ್ತಾರೆಂದು ತಿಳಿಯಬೇಕು. ನಮ್ಮೂರಿನಲ್ಲಿ ನಿಜವಾಗಿ ಪಾಳುಬಿದ್ದ ಮನೆಗೆ ಬೀಗವಿರುವುದಿಲ್ಲ, ಬಾಗಿಲೇ ಇರುವುದಿಲ್ಲ. ಅದನ್ನು ಯಾರಾದರೂ ಕಿತ್ತು ಒಯ್ದಿರುತ್ತಾರೆ.

ಇನ್ನೊಂದು ಮಾತು. ಲೈನ್ ಮನೆಗಳ ಮಾಡು ಜಾರಿದೆ, ಗಿಲಾವು ಉದುರಿದೆ ಎಂದು ಚಿತ್ರ ತೆಗೆಯುವವರು ಆ ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಅವು ಕಂಪನಿಯ ಮನೆಗಳು. ಹಕ್ಕುಪತ್ರದ ಪ್ರಶ್ನೆ ಗಣಿ ಮುಚ್ಚಿದಂದಿನಿಂದ ಎಳೆದಾಡುತ್ತಲೇ ಇದೆ. ನಾಳೆ ಖಾಲಿ ಮಾಡಿಸಿದರೆ ಏನು ಗತಿಯೆಂದು ಹೆದರುವ ಕುಟುಂಬ ಸಾಲ ಮಾಡಿ ಹೊಸ ಮಾಡು ಹೊದಿಸುವುದೆ? ನೀವು ಪಾಳು ಎಂದು ಓದುವ ಎಷ್ಟೋ ಗೋಡೆಗಳು ನಮಗೆ ಕಾಣುವುದು ತೀರ್ಮಾನಕ್ಕಾಗಿ ಕಾಯುತ್ತಿರುವ ಗೋಡೆಗಳಾಗಿ.

ಸುಣ್ಣಗಾರೆ:

ಹಳೆಯ ಕಟ್ಟಡಗಳ ದುರಸ್ತಿ ಮತ್ತು ದಾಖಲೀಕರಣ ನನ್ನ ವೃತ್ತಿ. ಮೇಲಿನ ಇಬ್ಬರ ಮಾತನ್ನೂ ಓದಿದ ಮೇಲೆ ನನಗನಿಸಿದ್ದು, ಚಿತ್ರ ತೆಗೆಯುವವರಿಗೆ ಕಟ್ಟಡವನ್ನು ಓದುವ ಅಭ್ಯಾಸವಿದ್ದರೆ ರಂಗೋಲಿ ಕಾಣದಿದ್ದರೂ ಇಂತಹ ತಪ್ಪು ಆಗುತ್ತಿರಲಿಲ್ಲ. ಮನುಷ್ಯರು ವಾಸವಿರುವ ಮನೆ ಒಂದು ರೀತಿಯಲ್ಲಿ ಸವೆಯುತ್ತದೆ, ಬಿಟ್ಟುಹೋದ ಮನೆ ಬೇರೆಯೇ ರೀತಿಯಲ್ಲಿ ಸವೆಯುತ್ತದೆ. ವಾಸದ ಮನೆಯಲ್ಲಿ ಹೊಸ್ತಿಲು ನಯವಾಗಿರುತ್ತದೆ, ಬಾಗಿಲಿನ ಚೌಕಟ್ಟಿನಲ್ಲಿ ಭುಜ ಮತ್ತು ಕೈ ತಾಗುವ ಎತ್ತರದಲ್ಲಿ ಎಣ್ಣೆಯ ಕಪ್ಪು ಹೊಳಪಿರುತ್ತದೆ, ಹೆಂಚು ಒಡೆದ ಕಡೆ ಪ್ಲಾಸ್ಟಿಕ್ ಹಾಳೆಯನ್ನೋ ತಗಡನ್ನೋ ಸಿಕ್ಕಿಸಿ ಮೇಲೊಂದು ಕಲ್ಲು ಹೇರಿರುತ್ತಾರೆ. ಬಚ್ಚಲಿನ ನೀರು ಹೋಗುವ ಜಾಗದಲ್ಲಿ ಹುಲ್ಲು ಹಸಿರಾಗಿರುತ್ತದೆ. ಬಿಟ್ಟ ಮನೆಯಲ್ಲಿ ಮೊದಲು ಹೋಗುವುದು ಮರ: ಬಾಗಿಲು, ಕಿಟಕಿ, ಆಮೇಲೆ ತೊಲೆ ಮತ್ತು ಜಂತೆ. ತೊಲೆ ಹೋದೊಡನೆ ಮಾಡು ಬೀಳುತ್ತದೆ, ಮಾಡು ಬಿದ್ದ ಮೇಲೆ ಗೋಡೆಯ ನೆತ್ತಿಯೊಳಗೆ ಮಳೆನೀರು ಇಳಿಯುತ್ತದೆ, ಆ ಬಳಿಕ ಒಂದೆರಡು ಮಳೆಗಾಲಗಳಲ್ಲಿ ಗಾರೆ ಕರಗಿ ಗೋಡೆ ಬಾಯಿ ಬಿಡುತ್ತದೆ. ಗೋಡೆ ನೆಟ್ಟಗಿದ್ದು ಚೌಕಟ್ಟುಗಳು ಮಾತ್ರ ಕಾಣೆಯಾಗಿದ್ದರೆ ಅದು ಕಾಲದ ಕೈವಾಡವಲ್ಲ, ಗುಜರಿಯವರದು.

ಕೆಜಿಎಫ್‌ನಲ್ಲಿ ಚಿತ್ರಗಾರರು ಬಂಗಲೆಗಳ ಹಿಂದೆ ಬೀಳುವುದು ನನಗೆ ಅರ್ಥವಾಗುತ್ತದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿಗಾರರಿಗೂ ಅಧಿಕಾರಿಗಳಿಗೂ ಕಟ್ಟಿದ ಮನೆಗಳು, ಕ್ಲಬ್, ಗಾಲ್ಫ್ ಮೈದಾನ, ಚರ್ಚುಗಳು ಇವೆಲ್ಲ ಸೇರಿ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರೇ ಆ ಊರಿಗೆ ಅಂಟಿತು. ಆದರೆ ಅದೇ ಕಾಲದಲ್ಲಿ ಕಾರ್ಮಿಕರು ಬಿದಿರಿನ ತಟ್ಟಿ ಕಟ್ಟಿದ ಗುಡಿಸಲುಗಳಲ್ಲಿದ್ದರು. ಇಟ್ಟಿಗೆಯ ಲೈನುಗಳು ನಿಧಾನವಾಗಿ ಆಮೇಲೆ ಬಂದವು. ತಟ್ಟಿಯ ಗುಡಿಸಲು ಪಾಳು ಬೀಳುವುದಿಲ್ಲ, ಕುರುಹಿಲ್ಲದೆ ಹೋಗಿಬಿಡುತ್ತದೆ. ಆದ್ದರಿಂದ ಪಾಳು ಕಟ್ಟಡಗಳ ಆಲ್ಬಮ್ ಎಂಬುದು ಮೊದಲೇ ಸಾಹೇಬರ ಕಡೆಗೆ ವಾಲಿರುತ್ತದೆ. ನಿಮ್ಮ 900 ಚಿತ್ರಗಳಲ್ಲಿ ಬಂಗಲೆ ಎಷ್ಟು, ಲೈನ್ ಎಷ್ಟು, ಯಂತ್ರಶಾಲೆ ಎಷ್ಟು ಎಂದು ಒಮ್ಮೆ ಎಣಿಸಿ ನೋಡಿ.

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೂಲಕ ಈ ಗಣಿಗಳಿಗೆ ಬಂತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅಂದರೆ ಬೆಂಗಳೂರಿಗಿಂತ ಮೊದಲೇ ಗಣಿಯ ಯಂತ್ರಗಳು ವಿದ್ಯುತ್ತಿನಿಂದ ತಿರುಗುತ್ತಿದ್ದವು. ಹೀಗಾಗಿ ಯಂತ್ರಶಾಲೆಯ ಗೋಡೆಯಲ್ಲಿ ಉಳಿದ ಪಿಂಗಾಣಿ ಇನ್ಸುಲೇಟರು, ಮರದ ಪಟ್ಟಿಯ ವೈರಿಂಗ್ ಹೋದ ಗುರುತು, ಕಿತ್ತುಹೋದ ಮೋಟಾರಿನ ಕೆಳಗಿನ ಬೋಲ್ಟುಗಳ ಸಾಲು ಕಂಡರೆ ದಯವಿಟ್ಟು ಹತ್ತಿರದಿಂದ ಒಂದು ಚಿತ್ರ ತೆಗೆಯಿರಿ. ಬಳ್ಳಿ ಸುತ್ತಿದ ಕಮಾನು ಎಲ್ಲರ ಬಳಿಯೂ ಇದೆ, ಬೋಲ್ಟುಗಳ ನಡುವಿನ ಅಂತರ ಯಾರ ಬಳಿಯೂ ಇಲ್ಲ. ಗೋಡೆಗೆ ನೇರವಾಗಿ ನಿಂತು, ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸದೆ, ಒಂದು ಅಳತೆಕೋಲನ್ನು ಇಟ್ಟು ತೆಗೆದ ಸಪ್ಪೆ ಚಿತ್ರವೇ ನಮ್ಮಂತಹವರಿಗೆ ಹತ್ತು ವರ್ಷಗಳ ನಂತರ ಉಪಯೋಗಕ್ಕೆ ಬರುವುದು.

ಇಳಿಬಿಸಿಲು:

ಸುಣ್ಣಗಾರೆಯವರ ಬರಹ ಉಪಯುಕ್ತವಾಗಿದೆ, ಆದರೆ ಈ ಚರ್ಚೆ ಹೋಗುತ್ತಿರುವ ದಿಕ್ಕಿಗೆ ನನ್ನ ಒಪ್ಪಿಗೆಯಿಲ್ಲ. ಚಿತ್ರ ತೆಗೆಯುವವನು ಜನಗಣತಿಯವನಲ್ಲ, ಸರ್ವೇಯರನೂ ಅಲ್ಲ. ಹಂಪಿಯಲ್ಲಿ ಇಳಿಬಿಸಿಲಿನ ಮಂಟಪವೊಂದನ್ನು ತೆಗೆದಾಗ ಅದರ ಹಿಂದಿರುವ ಬಾಳೆ ತೋಟದ ಒಡೆಯ ಯಾರೆಂದು ಯಾರೂ ಕೇಳುವುದಿಲ್ಲ. ಕುಸಿದ ಮಾಡಿನಿಂದ ಇಳಿಯುವ ಬೆಳಕಿಗೆ ತನ್ನದೇ ಆದ ಚೆಲುವಿದೆ. ಅದನ್ನು ಕಂಡು ನಿಂತವನನ್ನು ಅಪರಾಧಿಯಂತೆ ನೋಡುವುದು ಸರಿಯಲ್ಲ. ನಿಧಾನ ಷಟರ್ ಅವರ ತಪ್ಪು ಇದ್ದದ್ದು ಶೀರ್ಷಿಕೆಯಲ್ಲಿ, ಚಿತ್ರದಲ್ಲಲ್ಲ. ಶೀರ್ಷಿಕೆಯಿಲ್ಲದೆ ಹಾಕಿದ್ದರೆ ಅದೊಂದು ಬಾಗಿಲಿನ ಚಿತ್ರವಾಗಿರುತ್ತಿತ್ತು, ಅಷ್ಟೇ.

ಕೊನೆಯ ನಿಲ್ದಾಣ:

ಇಳಿಬಿಸಿಲು ಅವರೇ, ಹಂಪಿಯ ಮಂಟಪಗಳನ್ನು ಕಟ್ಟಿದ ಕಾಲದವರು ಯಾರೂ ಇಂದು ಬದುಕಿಲ್ಲ. ನಮ್ಮ ಮಂಟಪದಲ್ಲಿ ಮಲಗಿ ಎದ್ದವಳು ಈ ಉತ್ತರವನ್ನು ಬರೆಯುತ್ತಿದ್ದಾಳೆ. ವ್ಯತ್ಯಾಸ ಅಷ್ಟು ಮಾತ್ರ, ಅದಕ್ಕಿಂತ ದೊಡ್ಡ ತಕರಾರು ನನ್ನದಲ್ಲ. ಚೆಲುವು ನಮಗೂ ಕಾಣುತ್ತದೆ. ಚಿಕ್ಕಂದಿನಲ್ಲಿ ದಿಬ್ಬದ ಮೇಲೆ ಸೂರ್ಯ ಮುಳುಗುವುದನ್ನು ನೋಡಲು ನಾವೂ ಹತ್ತುತ್ತಿದ್ದೆವು, ಇಳಿದು ಬಂದ ಮೇಲೆ ಬಟ್ಟೆ ಕೊಳೆ ಮಾಡಿಕೊಂಡಿದ್ದಕ್ಕೆ ಅಮ್ಮನಿಂದ ಹೊಡೆತ ತಿನ್ನುತ್ತಿದ್ದೆವು.

ಕೆಳಗಿಳಿದವನು:

ಈ ಚರ್ಚೆಯನ್ನು ನನ್ನ ಮಗ ತೋರಿಸಿದ್ದರಿಂದ ಬರೆಯುತ್ತಿದ್ದೇನೆ. 1978ರಿಂದ ಗಣಿ ಮುಚ್ಚುವ ದಿನದವರೆಗೆ ನಾನು ಅಲ್ಲಿ ಸರ್ವೆ ವಿಭಾಗದಲ್ಲಿದ್ದೆ. ಚೆಲುವಿನ ವಿಚಾರವನ್ನು ನಿಮಗೇ ಬಿಡುತ್ತೇನೆ. ಎಲ್ಲಿ ಕಾಲಿಡಬಾರದು ಎಂಬುದನ್ನು ಮಾತ್ರ ಹೇಳುವುದು ನನ್ನ ಕರ್ತವ್ಯ.

ಹೊರಗಿನವರು ಗಣಿಯೆಂದರೆ ಹೆಡ್‌ಗೇರ್ ಕೆಳಗಿನ ಒಂದು ಬಾವಿಯೆಂದು ತಿಳಿಯುತ್ತಾರೆ. ಚಿನ್ನದ ಅದಿರಿನ ಪದರ ಉತ್ತರ ದಕ್ಷಿಣವಾಗಿ ಕಿಲೋಮೀಟರುಗಟ್ಟಲೆ ಸಾಗುತ್ತದೆ, ಅದರ ಉದ್ದಕ್ಕೂ ನೂರಿಪ್ಪತ್ತು ವರ್ಷ ತೋಡಲಾಗಿದೆ. ಆಳದಲ್ಲಿ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರನ್ನು ದಾಟಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು, ತಂಪುಗೊಳಿಸಿದ ಗಾಳಿ ಇಳಿಸದೆ ಮನುಷ್ಯ ನಿಲ್ಲುವಂತಿರಲಿಲ್ಲ. ಆದರೆ ನಿಮಗೆ ಅಪಾಯವಿರುವುದು ಆ ಆಳದಿಂದಲ್ಲ, ಮೇಲ್ಮಟ್ಟದ ಹಳೆಯ ತೋಡುಗಳಿಂದ. ಮೊದಮೊದಲ ಕಂಪನಿಗಳು ನೆಲದ ಹತ್ತಿರದ ಅದಿರನ್ನೇ ತೆಗೆದು ಮುಂದೆ ಹೋದವು, ಅವುಗಳಲ್ಲಿ ಕೆಲವನ್ನು ಸರಿಯಾಗಿ ಮುಚ್ಚಿರಲಿಲ್ಲ. ಈಗ ಅವುಗಳ ಬಾಯಿಗೆ ಲಂಟಾನ ಮತ್ತು ಜಾಲಿ ಬೆಳೆದಿವೆ. ಗಣಿ ನಿಂತ ಮೇಲೆ ಪಂಪುಗಳೂ ನಿಂತು ಒಳಗೆಲ್ಲ ನೀರು ತುಂಬಿದೆ. ಪೊದೆಯ ನಡುವೆ ನೆಲ ತಟ್ಟೆಯಂತೆ ತಗ್ಗಾಗಿ ಕಂಡರೆ, ಅಥವಾ ತುಂಡು ಬೇಲಿಯೊಂದು ಯಾವುದಕ್ಕೂ ಸಂಬಂಧವಿಲ್ಲದಂತೆ ಸುತ್ತು ಹಾಕಿದ್ದರೆ, ಅದರ ಹತ್ತಿರ ಸುಳಿಯಬೇಡಿ. ಚಿತ್ರಕ್ಕೆಂದು ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಹಿಂದಕ್ಕೆ ಹೆಜ್ಜೆಯಿಡುವ ನಿಮ್ಮ ಅಭ್ಯಾಸ ನನಗೆ ಹಾವಿಗಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಸೈನೈಡ್ ದಿಬ್ಬಗಳ ಬಗ್ಗೆ ಜನ ಎರಡು ರೀತಿಯಲ್ಲಿ ತಪ್ಪು ತಿಳಿದಿದ್ದಾರೆ. ಮುಟ್ಟಿದರೆ ಸಾಯುತ್ತೇವೆಂದು ಕೆಲವರು, ಏನೂ ಆಗದೆಂದು ಹಲವರು. ಅದಿರನ್ನು ಹಿಟ್ಟಿನಂತೆ ಅರೆದು ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಈ ದಿಬ್ಬ. ಅಂತಹ ದಿಬ್ಬಗಳು 13 ಇವೆ, ಅವುಗಳಲ್ಲಿ ಮೂರು ಕೋಟಿ ಟನ್ನಿಗಿಂತ ಹೆಚ್ಚು ಪುಡಿ ಇದೆ. ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮದಲ್ಲಿ ಒಡೆದುಹೋಗುತ್ತದೆ. ಕಲ್ಲಿನ ನುಣುಪು ಧೂಳು ಎಲ್ಲಿಗೂ ಹೋಗುವುದಿಲ್ಲ. ಆಷಾಢದ ಗಾಳಿಗೆ ಅದು ಎದ್ದು ಊರನ್ನೇ ಮುಸುಕುತ್ತದೆ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್‌ನಿಂದ ಉಸಿರು ಸಿಕ್ಕಿಕೊಂಡು ಹೋದ ನನ್ನ ಸಹೋದ್ಯೋಗಿಗಳನ್ನು ನೋಡಿದವನಾಗಿ ಹೇಳುತ್ತೇನೆ, ಗಾಳಿಯಿರುವ ದಿನ ದಿಬ್ಬ ಹತ್ತಬೇಡಿ, ಹತ್ತಿದರೆ ಬಟ್ಟೆಯ ಕರವಸ್ತ್ರವನ್ನು ನಂಬಬೇಡಿ. ಅಲ್ಲಿ ಲೆನ್ಸ್ ಬದಲಿಸಿದರೆ ನಿಮ್ಮ ಕ್ಯಾಮೆರಾಕ್ಕೂ ಅದೇ ಕಾಯಿಲೆ ಬರುತ್ತದೆ.

ಸುಣ್ಣಗಾರೆಯವರಿಗೆ ಒಂದು ಸೇರ್ಪಡೆ. ಗೋಡೆ ಬಿರುಕು ಬಿಡುವುದು ಮಳೆಯಿಂದ ಮಾತ್ರವಲ್ಲ. ಒತ್ತಡ ತಾಳದೆ ಬಂಡೆ ಒಮ್ಮೆಗೇ ಸಿಡಿಯುವುದನ್ನು ನಾವು ರಾಕ್‌ಬರ್ಸ್ಟ್ ಎನ್ನುತ್ತಿದ್ದೆವು. ದೊಡ್ಡ ಸಿಡಿತವಾದರೆ ಮೇಲಿನ ಮನೆಗಳಲ್ಲಿ ಪಾತ್ರೆಗಳು ಉರುಳುತ್ತಿದ್ದವು, ಗೋಡೆಗಳು ಓರೆಯಾಗಿ ಸೀಳುತ್ತಿದ್ದವು. ಸಿಡಿತ ಕೇಳಿದೊಡನೆ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಶಾಫ್ಟಿನ, ಅಂದರೆ ಗಣಿ ಬಾವಿಯ, ಗೇಟಿಗೆ ಓಡಿ ಬರುತ್ತಿದ್ದರು, ಯಾರ ಹೆಸರು ಹೊರಗೆ ಬರುತ್ತದೋ ಎಂದು. ಆದ್ದರಿಂದ ಚಾಂಪಿಯನ್ ರೀಫ್ ಸುತ್ತಲಿನ ಎಲ್ಲ ಬಿರುಕುಗಳೂ ಗಣಿ ಸತ್ತ ಮೇಲಿನವಲ್ಲ, ಅವುಗಳಲ್ಲಿ ಎಷ್ಟೋ ಗಣಿ ಬದುಕಿದ್ದಾಗಿನವು. ಚಿತ್ರದ ಕೆಳಗೆ ‘ನಿರ್ಲಕ್ಷ್ಯದಿಂದ ಬಿರುಕುಬಿಟ್ಟ ಗೋಡೆ’ ಎಂದು ಬರೆಯುವ ಮೊದಲು ಪಕ್ಕದ ಮನೆಯ ಅಜ್ಜಿಯನ್ನು ವಿಚಾರಿಸಿ.

ಸುಣ್ಣಗಾರೆ:

ಕೆಳಗಿಳಿದವನು ಸರ್, ಇದು ನನಗೆ ಹೊಳೆದಿರಲಿಲ್ಲ. ಓರೆ ಬಿರುಕುಗಳನ್ನೆಲ್ಲ ನಾನು ತಳಪಾಯ ಕುಸಿತದ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ. ನನ್ನ ಎರಡು ನೋಟ್‌ಪುಸ್ತಕಗಳನ್ನು ಮತ್ತೆ ತಿದ್ದಬೇಕಾಗಿದೆ. ಹಳೆಯ ಸಿಡಿತದ ಬಿರುಕಿಗೆ ಆಗಲೇ ಗಾರೆ ತುಂಬಿ ಸುಣ್ಣ ಬಳಿದಿರುವ ಸಂಭವವಿದೆಯಲ್ಲವೆ?

ಕೆಳಗಿಳಿದವನು:

ಹೌದು. ಕಂಪನಿಯ ಮೇಸ್ತ್ರಿಗಳು ಬಂದು ತುಂಬಿಸುತ್ತಿದ್ದರು. ತುಂಬಿದ ಗೆರೆ ಉಬ್ಬಿಕೊಂಡು ಕಂಡರೆ ಅದು ನಮ್ಮ ಕಾಲದ್ದು.

ಮೂರನೇ ಪುಟ:

ನಾನು ಪತ್ರಿಕೆಯೊಂದಕ್ಕೆ ಆಗೀಗ ಬರೆಯುವವನು. ಅನುಮತಿಯ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಶಾಫ್ಟುಗಳು, ಯಂತ್ರಶಾಲೆಗಳು, ದಿಬ್ಬಗಳು ಮತ್ತು ಬಹುಪಾಲು ಖಾಲಿ ಕಟ್ಟಡಗಳಿರುವ ನೆಲ ಮುಚ್ಚಿದ ಗಣಿ ಕಂಪನಿಯದು, ಅಂದರೆ ಕೇಂದ್ರ ಸರ್ಕಾರದ ಸ್ವತ್ತು. ಕಂಪನಿ ಕೆಲಸ ನಿಲ್ಲಿಸಿದೆಯಾದರೂ ಕಚೇರಿಯೂ ಕಾವಲೂ ಇವೆ. ಯಾವ ಕಟ್ಟಡ, ಯಾವ ದಿನ, ಎಷ್ಟು ಜನ, ಚಿತ್ರಗಳ ಬಳಕೆ ಏನು ಎಂದು ಬರೆದು ಮುಂಚಿತವಾಗಿ ಪತ್ರ ಕೊಡುವುದೇ ನೇರ ದಾರಿ. ಕಾವಲುಗಾರನ ಕೈಗೆ ನೂರು ರೂಪಾಯಿ ತುರುಕಿ ಒಳಗೆ ಹೋಗುವವರು ತಮಗೆ ಒದಗಿದ್ದನ್ನು ಜಾಣತನವೆಂದು ತಿಳಿಯುತ್ತಾರೆ, ಆದರೆ ಒಳಗೆ ಏನಾದರೂ ಆದರೆ ಕೆಲಸ ಕಳೆದುಕೊಳ್ಳುವವನು ಅವನೇ. ಚರ್ಚು, ಶಾಲೆ, ಕ್ಲಬ್ಬುಗಳಿಗೆ ಬೇರೆ ಬೇರೆ ಆಡಳಿತಗಳಿವೆ, ಅಲ್ಲಿ ಹೋಗಿ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಡ್ರೋನ್ ಹಾರಿಸುವ ಯೋಚನೆಯಿದ್ದರೆ 2021ರ ಡ್ರೋನ್ ನಿಯಮಗಳ ಪ್ರಕಾರ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದ ವಲಯದಲ್ಲಿದೆಯೆಂದು ಮೊದಲು ನೋಡಿ. ಪಕ್ಕದಲ್ಲೇ ಬೆಮೆಲ್ ಕಾರ್ಖಾನೆಯಿದೆ, ಅಲ್ಲಿ ರಕ್ಷಣಾ ಇಲಾಖೆಯ ವಾಹನಗಳೂ ತಯಾರಾಗುತ್ತವೆ. ಅದರ ಕಾಂಪೌಂಡಿನ ಕಡೆಗೆ ಕ್ಯಾಮೆರಾ ತಿರುಗಿಸಿ ಆಮೇಲೆ ಪೊಲೀಸ್ ಠಾಣೆಯಲ್ಲಿ ಕಲೆಯ ಬಗ್ಗೆ ವಿವರಿಸುತ್ತ ಕೂರುವುದು ಯಾರಿಗೂ ಬೇಡ.

ಸ್ಥಳದ ಗುರುತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟಡದಿಂದ ಕಟ್ಟಡಕ್ಕೆ ಬದಲಾಗುತ್ತದೆ. ರಸ್ತೆಯಿಂದಲೇ ಕಾಣುವ ಹೆಡ್‌ಗೇರ್‌ನ ಹೆಸರನ್ನು ಬರೆಯದಿರುವುದರಲ್ಲಿ ಅರ್ಥವಿಲ್ಲ, ಗಿಫರ್ಡ್ಸ್ ಶಾಫ್ಟ್ ಎಂಬ ಹೆಸರೇ ಆ ಊರಿನ ಚರಿತ್ರೆ. ಆದರೆ ಒಳಗೆ ಇನ್ನೂ ತಾಮ್ರದ ತಂತಿ, ಎರಕದ ಚಕ್ರ, ತೇಗದ ಮೆಟ್ಟಿಲು ಉಳಿದಿರುವ ಕಟ್ಟಡದ ಚಿತ್ರಕ್ಕೆ ನಕ್ಷೆಯ ಗುರುತು ಅಂಟಿಸಿದರೆ ಗುಜರಿ ಕಳ್ಳರಿಗೆ ಪಟ್ಟಿ ಕೊಟ್ಟಂತೆ. ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ಅಕ್ಷಾಂಶ ರೇಖಾಂಶ ತಾನಾಗಿ ಸೇರಿರಬಹುದೆಂಬುದನ್ನೂ ಮರೆಯಬೇಡಿ.

ಇಳಿಬಿಸಿಲು:

ಶೀರ್ಷಿಕೆ ಮಾತ್ರ ತಪ್ಪು ಎಂದಿದ್ದ ನನ್ನ ಮಾತನ್ನು ಅರ್ಧ ಹಿಂದಕ್ಕೆ ಪಡೆಯುತ್ತೇನೆ. ಅರ್ಧ ಮಾತ್ರ. ರಂಗೋಲಿಯನ್ನು ಕತ್ತರಿಸಿದ್ದು ಚೆಲುವಿನ ದೃಷ್ಟಿಯಿಂದಲೂ ತಪ್ಪು ತೀರ್ಮಾನ. ಕುಸಿಯುತ್ತಿರುವ ಮಾಡು ಮತ್ತು ಹೊಸ ರಂಗೋಲಿ ಒಂದೇ ಚೌಕಟ್ಟಿನಲ್ಲಿದ್ದರೆ ಅದು ಇನ್ನೂ ಒಳ್ಳೆಯ ಚಿತ್ರವಾಗುತ್ತಿತ್ತು. ನಾವು ಪಾಳು ಚಿತ್ರಗಳನ್ನು ಎಷ್ಟು ನೋಡಿದ್ದೇವೆಂದರೆ, ಮನುಷ್ಯರ ಸುಳಿವು ಕಂಡೊಡನೆ ಅದನ್ನು ಕಸದಂತೆ ಗುಡಿಸಿ ಹಾಕುವುದು ಕೈಗೆ ರೂಢಿಯಾಗಿಬಿಟ್ಟಿದೆ. ನನ್ನ ಸಂಗ್ರಹವನ್ನು ತೆರೆದು ನೋಡಿದೆ. ಒಣಹಾಕಿದ ಬಟ್ಟೆ, ಡಿಶ್ ಆಂಟೆನಾ, ನಿಲ್ಲಿಸಿದ ಸ್ಕೂಟರು, ಎಲ್ಲವನ್ನೂ ಶ್ರದ್ಧೆಯಿಂದ ಹೊರಗಿಟ್ಟಿದ್ದೇನೆ.

ಕೊನೆಯ ನಿಲ್ದಾಣ:

ಈ ಮಾತಿಗೆ ನಾನು ಬಹಳ ಹೊತ್ತು ನಕ್ಕೆ. ಡಿಶ್ ಆಂಟೆನಾವನ್ನು ಚೌಕಟ್ಟಿನಿಂದ ಹೊರಗೆ ಬಿಟ್ಟರೆ ನಮ್ಮ ಬೀದಿಯ ಚಿತ್ರವೇ ಅಲ್ಲ ಅದು.

ಜನರ ಚಿತ್ರ ತೆಗೆಯುವ ಬಗ್ಗೆ ಒಂದು ಕೋರಿಕೆಯಿದೆ. ಕೆಲವರು ಬಂದು ಮುದುಕರನ್ನು ಬಿರುಕುಗೋಡೆಯ ಮುಂದೆ ಕೂರಿಸಿ, ನಗಬೇಡಿ ಎಂದು ಹೇಳಿ ಚಿತ್ರ ತೆಗೆಯುತ್ತಾರೆ. ನನ್ನ ತಂದೆಯನ್ನೂ ಹಾಗೆ ಕೂರಿಸಿದ್ದರು. ತಂದೆಗೆ ಕ್ಯಾಮೆರಾ ಎಂದರೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ತಲೆ ಬಾಚಿ, ನೇರ ನಿಲ್ಲುವ ವಿಷಯ. ಬಂದವರು ಆ ಶರ್ಟನ್ನು ಬಿಚ್ಚಿಸಿ ಬನಿಯನ್ನಿನಲ್ಲಿ ಕೂರಿಸಿದರು. ಆ ಚಿತ್ರ ಎಲ್ಲಿ ಅಚ್ಚಾಯಿತೋ ನಮಗೆ ಯಾರೂ ಹೇಳಲಿಲ್ಲ, ಒಂದು ಪ್ರತಿಯನ್ನೂ ಕಳಿಸಲಿಲ್ಲ. ತಂದೆ ಕೊನೆಯವರೆಗೂ ‘ಆ ಫೋಟೋ ಬಂತಾ?’ ಎಂದು ಕೇಳುತ್ತಿದ್ದರು. 1965ರಲ್ಲಿ ಅದೇ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ವಾಯುಮಂಡಲದ ನ್ಯೂಟ್ರಿನೋ ಕಣಗಳ ಗುರುತನ್ನು ಹಿಡಿದರು. ಆಮೇಲೂ ಅಲ್ಲಿ ಪ್ರಯೋಗಗಳು ವರ್ಷಗಟ್ಟಲೆ ನಡೆದವು, ಅವರ ಪೆಟ್ಟಿಗೆಗಳನ್ನು ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿಸಿದವರಲ್ಲಿ ತಾನೂ ಒಬ್ಬನೆಂದು ತಂದೆ ಹೆಮ್ಮೆಪಡುತ್ತಿದ್ದರು. ಬನಿಯನ್ನಿನ ಚಿತ್ರದಲ್ಲಿ ಅದು ಎಲ್ಲಿಂದ ಬರಬೇಕು?

ನಿಧಾನ ಷಟರ್:

ಮೂರು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ. ಸುಣ್ಣಗಾರೆಯವರು ಹೇಳಿದಂತೆ ಎಣಿಸಿದೆ. ಬಂಗಲೆಗಳು 412, ಹೆಡ್‌ಗೇರ್ ಮತ್ತು ದಿಬ್ಬಗಳು 300ರ ಆಸುಪಾಸು, ಲೈನ್ ಮನೆಗಳು 61. ಇದರ ಮೇಲೆ ನಾನೇನೂ ಹೇಳಬೇಕಾಗಿಲ್ಲ.

ಕಳೆದ ಭಾನುವಾರ ಮಧ್ಯಾಹ್ನ, ಕತ್ತರಿಸದ ಮೂಲ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಆ ನೀಲಿ ಬಾಗಿಲನ್ನು ಹುಡುಕಿಕೊಂಡು ಹೋದೆ. ಬಾಗಿಲು ತೆರೆದಿತ್ತು. ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಬಂದರು, ಬೆಂಗಳೂರಿನ ಹೊಲಿಗೆ ಕಾರ್ಖಾನೆಯೊಂದಕ್ಕೆ ದಿನವೂ ಹೋಗಿಬರುವವರು. ಮಾತೃಭಾಷೆ ತಮಿಳಾದರೂ ನನ್ನ ಜೊತೆ ಕನ್ನಡದಲ್ಲೇ ಮಾತನಾಡಿದರು. ಚಿತ್ರವನ್ನು ಹಾಕಿದ್ದು, ಶೀರ್ಷಿಕೆ ಕೊಟ್ಟದ್ದು, ಹಿಂದಕ್ಕೆ ಪಡೆದದ್ದು ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ನಾನು ಅಂದುಕೊಂಡಿದ್ದಂತೆ ಅವರು ಕೋಪಿಸಿಕೊಳ್ಳಲಿಲ್ಲ. ಅಚ್ಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಅರಳಿ ಸಸಿಯ ಮೇಲೆ ಬೆರಳಿಟ್ಟು, ‘ಇದು ಇಷ್ಟು ದೊಡ್ಡದಾಗಿದೆಯೆಂದು ನಮಗೇ ಗೊತ್ತಿರಲಿಲ್ಲ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತೇವೆ’ ಎಂದರು. ಮಗನನ್ನು ಕರೆದು ಅದನ್ನು ತೋರಿಸಿ ತಮಿಳಿನಲ್ಲಿ ಏನೋ ಬೈದರು. ನಾನು ಕಾಫಿ ಕುಡಿದು ಏಳುವ ಹೊತ್ತಿಗೆ ಅವನು ಏಣಿ ಹಾಕಿ, ಮಚ್ಚು ಹಿಡಿದು ಗೋಡೆ ಹತ್ತಿದ್ದ.

ಅವರ ಚಿತ್ರ ತೆಗೆಯಲೆ ಎಂದು ಕೇಳಿದ್ದಕ್ಕೆ ಈಗ ಬೇಡವೆಂದರು. ಪೊಂಗಲ್‌ಗೆ ಸುಣ್ಣ ಬಳಿಯುತ್ತಾರಂತೆ, ಆಗ ಮಗಳು ಅಳಿಯನೂ ಬಂದಿರುತ್ತಾರಂತೆ, ಎಲ್ಲರೂ ಸೇರಿ ನಿಂತದ್ದನ್ನು ತೆಗೆದುಕೊಡಬೇಕಂತೆ. ಒಪ್ಪಿಕೊಂಡು ಬಂದಿದ್ದೇನೆ.

ಸುಣ್ಣಗಾರೆ:

ಅರಳಿಯನ್ನು ಮೇಲಿನಿಂದ ಕತ್ತರಿಸಿದರೆ ಸಾಲದು, ಬೇರು ಗೋಡೆಯೊಳಗೆ ಉಳಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಆದರೆ ಅದನ್ನು ಎಳೆದು ಕೀಳಲೂಬಾರದು, ಇಟ್ಟಿಗೆ ಸಡಿಲವಾಗುತ್ತದೆ. ಆ ಮನೆಯವರಿಗೆ ತಿಳಿಸಲು ಸಾಧ್ಯವಾದರೆ ತಿಳಿಸಿ. ಪೊಂಗಲ್‌ಗೆ ಹೋದಾಗ ಸಾಧ್ಯವಿದ್ದರೆ ಒಂದು ದಿನ ಮುಂಚೆಯೇ ಹೋಗಿ, ಸುಣ್ಣ ಬಳಿಯುವ ಮೊದಲು ಗೋಡೆಯ ನೇರ ಚಿತ್ರವೊಂದನ್ನು ತೆಗೆಯಿರಿ. ಉಬ್ಬಿದ ಗೆರೆಗಳು ಎಲ್ಲಿವೆಯೆಂದು ಕೆಳಗಿಳಿದವನು ಸರ್ ಅವರಿಗೆ ತೋರಿಸಬೇಕಾಗಿದೆ.

ಕೊನೆಯ ನಿಲ್ದಾಣ:

ಹಬ್ಬದ ಹಿಂದಿನ ದಿನ ಗಾಡಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ, ಕ್ಯಾಮೆರಾ ಚೀಲವನ್ನು ಎದೆಗೆ ಅವಚಿಕೊಂಡು ನಿಲ್ಲಿ. ಆ ಲೈನಿಗೆ ಚಾಂಪಿಯನ್‌ನಲ್ಲಿ ಇಳಿಯುವುದಕ್ಕಿಂತ ಮಾರಿಕುಪ್ಪಂವರೆಗೆ ಬಂದು ಹಿಂದಕ್ಕೆ ನಡೆದರೆ ಹತ್ತಿರ. ನಾನೂ ಅಂದು ಊರಿನಲ್ಲಿರುತ್ತೇನೆ.